‘ಊಟ ಆಯ್ತಾ’ ಎಂದು ಕೇಳುವ ಮೊದಲು

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ನರ್ಸ್. ಕೊಳ್ಳೇಗಾಲದ ಕಡೆಯವಳು. ಬೆಂಗಳೂರಿನ ನಮ್ಮ ಮಡಿವಾಳದಲ್ಲಿ ಇಂಥವರು ಬೀದಿಬೀದಿಯಲ್ಲೂ ಇದ್ದಾರೆ. ಹೊಸೂರು ರಸ್ತೆಯ ಆಸುಪಾಸಿನ ಆಸ್ಪತ್ರೆಗಳು ಅವರಿಗೆ ಅನ್ನ ಕೊಡುತ್ತಿವೆ. ಒಂದು ಸಂಜೆ ಅವಳ ಕೈಯಲ್ಲಿ ನೂರು ಪುಟದ ನೋಟ್‌ಬುಕ್ ಕಂಡೆ. ಎಡಗಡೆ ಕನ್ನಡ, ಬಲಗಡೆ ಸ್ವಾಹಿಲಿ, ಎರಡೂ ಕನ್ನಡ ಲಿಪಿಯಲ್ಲೇ. ‘ಊಟ ಆಯ್ತಾ?’ ಎನ್ನುವುದರ ಎದುರಿಗೆ ‘ಉಮೇಕುಲಾ?’ ‘ಎಲ್ಲಿ ನೋವು?’ ಎನ್ನುವುದರ ಎದುರಿಗೆ ‘ಉನಾಉಮ್ವಾ ವಾಪಿ?’

“ಆಂಟಿ, ಕೀನ್ಯಾಗೆ ಹೋಗಬೇಕು ಅಂತಿದೀನಿ. ಅಲ್ಲಿ ಬಡಮಕ್ಕಳ ನಡುವೆ ಮಿಷನ್ ಕೆಲಸ. ಚರ್ಚಲ್ಲಿ ಎಲ್ರೂ ಒಳ್ಳೇದು ಅಂತಾರೆ, ಮನೇಲಿ ಅಮ್ಮ ಬೇಡ ಅಂತಿದಾರೆ. ನೀವೇನಂತೀರಾ?”

ನಾನು ಸೋಮೇಶ್ವರ ದೇವಸ್ಥಾನಕ್ಕೆ ನಡೆದುಕೊಳ್ಳುವವಳು, ಅವಳು ಭಾನುವಾರದ ಪೂಜೆ ತಪ್ಪಿಸದವಳು. ಕೇಳಿದ ಪ್ರಶ್ನೆಗೆ ಆ ಸಂಜೆ ನನ್ನಲ್ಲಿ ಉತ್ತರ ಇರಲಿಲ್ಲ. ಹೋಗು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಬಲವಾದ ಕಾರಣಗಳಿವೆ ಎಂದು ಗೊತ್ತಿತ್ತು. ಅವನ್ನು ಒಂದೊಂದಾಗಿ ತೂಗಿ ನೋಡಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗು ಎನ್ನುವವರ ಮಾತು. ದೂರದ ನಾಡಿಗೆ ಹೋಗಿ ನೆಲೆ ನಿಂತವರಿಂದ ಏನು ಸಿಕ್ಕಿತು ಎಂದು ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ಬಾಸೆಲ್ ಮಿಷನ್ನಿನ ಮೊದಲ ತಂಡ 1834ರಲ್ಲಿ ಮಂಗಳೂರಿಗೆ ಬಂತು. ಎರಡು ವರ್ಷದ ನಂತರ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ ನಾಲ್ವತ್ತೊಂದು ವರ್ಷ. ಸಂಬಳಕ್ಕಾಗಿ ಬಂದವರು ಅಷ್ಟು ಕಾಲ ಒಂದು ಭಾಷೆಯ ಬೆನ್ನು ಹತ್ತುವುದಿಲ್ಲ. ಅವರನ್ನು ಇಲ್ಲಿಗೆ ತಂದದ್ದು ನಂಬಿಕೆ, ಆ ಕೆಲಸದಲ್ಲಿ ಉಳಿಸಿದ್ದೂ ನಂಬಿಕೆಯೇ. ಧರ್ಮ ಪ್ರಚಾರಕ್ಕೆ ಬಂದವರು ಎಂಬ ಮಾತು ನಿಜ. ಅವರ ನಿಘಂಟನ್ನು ಇವತ್ತೂ ಎಲ್ಲ ಧರ್ಮದವರೂ ತೆರೆಯುತ್ತಾರೆ ಎಂಬುದೂ ಅಷ್ಟೇ ನಿಜ.

ಎರಡನೆಯದು, ಬೇರೆಯವರು ಬಿಟ್ಟು ಓಡುವ ಜಾಗದಲ್ಲಿ ಇಂಥವರು ನಿಲ್ಲುತ್ತಾರೆ. 1876–78ರ ದೊಡ್ಡ ಬರದಲ್ಲಿ ಮೈಸೂರು ಸೀಮೆ ಹೆಣಗಳ ದಾರಿಯಾದಾಗ, ತಂದೆತಾಯಿ ಸತ್ತ ಮಕ್ಕಳನ್ನು ಎತ್ತಿಕೊಂಡು ಸಾಕಿದವರಲ್ಲಿ ಮಿಷನ್ನಿನವರೂ ಇದ್ದರು. ನಮ್ಮ ಕಾಲದ ಉದಾಹರಣೆಯೂ ಇದೆ. ಸಲೇಷಿಯನ್ ಎಂಬ ಕ್ಯಾಥೊಲಿಕ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್ ಯುದ್ಧ ನಡೆಯುತ್ತಿದ್ದ ಯೆಮನ್‌ನಲ್ಲಿದ್ದರು. 2016ರ ಮಾರ್ಚ್ 4ರಂದು ಏಡನ್ನಿನ ವೃದ್ಧಾಶ್ರಮದ ಮೇಲೆ ದಾಳಿಯಾಗಿ, ಮದರ್ ತೆರೇಸಾ ಸಭೆಯ ನಾಲ್ವರು ಸಿಸ್ಟರ್‌ಗಳೂ ಸೇರಿ ಹದಿನಾರು ಮಂದಿ ಸತ್ತರು. ಆ ದಾಳಿಯಲ್ಲಿ ಅಪಹರಣಕ್ಕೊಳಗಾದ ಫಾದರ್ ಟಾಮ್ ಹದಿನೆಂಟು ತಿಂಗಳು ಒತ್ತೆಯಾಳಾಗಿದ್ದು 2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದರು. ಆ ಸಿಸ್ಟರ್‌ಗಳು ಯುದ್ಧದ ನಡುವೆಯೂ ಅಲ್ಲೇ ಉಳಿದದ್ದು ಅಲ್ಲಿನ ಮುದುಕರನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಎಂಬ ಕಾರಣಕ್ಕೆ.

ಈಗ ಬೇಡ ಎನ್ನುವವರ ಮಾತು. ಅವರ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಗಟ್ಟಿಯಾದದ್ದು. ದೊಡ್ಡವನೊಬ್ಬ ಬೇರೆ ಧರ್ಮವನ್ನು ಒಪ್ಪಬಹುದು, ಒಲ್ಲೆ ಎಂದು ಎದ್ದು ಹೋಗಬಹುದು. ಅನ್ನ ಕೊಡುವ ಕೈಗೆ ಹಸಿದ ಮಗು ಒಲ್ಲೆ ಎನ್ನುತ್ತದೆಯೇ? ಬರಗಾಲದ ಆ ಮಕ್ಕಳು ಬದುಕಿದರು, ಆದರೆ ಬೆಳೆದದ್ದು ಹೆತ್ತವರು ಆರಿಸದ, ತಾವೂ ಆರಿಸಿಕೊಳ್ಳಲಾಗದ ಧರ್ಮದಲ್ಲಿ. ಪ್ರಾಣ ಉಳಿಸಿದವರ ಋಣ ದೊಡ್ಡದು ಎಂದ ಮಾತ್ರಕ್ಕೆ ಆ ಪ್ರಶ್ನೆ ಅಳಿಸಿಹೋಗುವುದಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ, ಮನೆಯಿಂದ ದೂರವಾದ ಮಗುವಿಗೆ ಆಸರೆ ಹುಡುಕುವಾಗ ಅದರ ಧರ್ಮ, ಸಂಸ್ಕೃತಿ, ಭಾಷೆಯ ಹಿನ್ನೆಲೆಗೆ ಬೆಲೆ ಕೊಡಬೇಕು ಎನ್ನುತ್ತದೆ. ಕೆನಡಾದಲ್ಲಿ ಚರ್ಚ್‌ಗಳು ನಡೆಸಿದ ವಸತಿ ಶಾಲೆಗಳು ಮೂಲನಿವಾಸಿ ಮಕ್ಕಳಿಂದ ಭಾಷೆಯನ್ನೂ ಮನೆಯನ್ನೂ ಕಿತ್ತುಕೊಂಡದ್ದಕ್ಕೆ ಪೋಪ್ ಫ್ರಾನ್ಸಿಸ್ 2022ರಲ್ಲಿ ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು. ಆ ಶಾಲೆಗಳಲ್ಲಿ ಕೆಲಸ ಮಾಡಿದವರಲ್ಲೂ ಎಷ್ಟೋ ಮಂದಿ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದು ನಂಬಿದ್ದರು.

ಕಾನೂನಿನ ಮಾತೂ ಇದೆ. ನೇಪಾಳದ 2015ರ ಸಂವಿಧಾನ ಒಬ್ಬರನ್ನು ಇನ್ನೊಂದು ಧರ್ಮಕ್ಕೆ ಸೇರಿಸುವುದನ್ನು ನಿಷೇಧಿಸಿದೆ, ತಪ್ಪಿದರೆ ಜೈಲು. ನಮ್ಮ ಸುಪ್ರೀಂ ಕೋರ್ಟ್ ಕೂಡ 1977ರಲ್ಲಿ, ಧರ್ಮವನ್ನು ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಹೋದ ನಾಡಿನ ಕಾನೂನು ತಿಳಿಯದೆ ಕೆಲಸಕ್ಕಿಳಿದರೆ ಬಂದವಳು ವಿಮಾನ ಹತ್ತಿ ವಾಪಸಾಗಬಹುದು, ಅವಳ ಜೊತೆ ನಿಂತ ಸ್ಥಳೀಯರು ಪೊಲೀಸ್ ಠಾಣೆಗೆ ಅಲೆಯಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಅನಾಥಾಶ್ರಮಗಳ ಬಗ್ಗೆ. ಜಗತ್ತಿನ ಆಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ಬಡತನವೇ ಆ ಮಕ್ಕಳನ್ನು ಅಲ್ಲಿಗೆ ತಳ್ಳಿದೆ. ಹೊರಗಿನವರ ಹಣ ಆಶ್ರಮಕ್ಕೆ ಹರಿದಷ್ಟೂ ಮನೆ ಬಿಟ್ಟು ಬರುವ ಮಕ್ಕಳು ಹೆಚ್ಚುತ್ತಾರೆ. ಅದಕ್ಕೇ ಕೀನ್ಯಾ 2022ರಲ್ಲಿ ಮಕ್ಕಳನ್ನು ಆಶ್ರಮಗಳಿಂದ ಕುಟುಂಬಗಳಿಗೆ ಮರಳಿಸುವ ಹತ್ತು ವರ್ಷದ ಯೋಜನೆ ಹಾಕಿಕೊಂಡಿತು. ಎರಡು ವಾರಕ್ಕೋ ಎರಡು ತಿಂಗಳಿಗೋ ಬಂದು, ಮುದ್ದಿಸಿ, ಫೋಟೊ ತೆಗೆದುಕೊಂಡು ಹೊರಟುಬಿಡುವವರಿಂದ ಆ ಮಕ್ಕಳಿಗೆ ಸಿಗುವುದು ಇನ್ನೊಂದು ಅಗಲಿಕೆ.

ಅವಳ ಅಮ್ಮನ ಆತಂಕವನ್ನೂ ಹಗುರವಾಗಿ ನೋಡಬಾರದು. ಮಿಷನರಿಗಳ ಸ್ವಂತ ಮನೆಯವರು ತೆತ್ತ ಬೆಲೆಯನ್ನು ಇತಿಹಾಸದಲ್ಲಿ ಕಾಣಬಹುದು. ಬಾಸೆಲ್ ಮಿಷನ್ನಿನವರು ಇಲ್ಲಿ ಹುಟ್ಟಿದ ತಮ್ಮ ಮಕ್ಕಳನ್ನು ಎಳೆಯ ಪ್ರಾಯದಲ್ಲೇ ಯುರೋಪಿಗೆ ಕಳಿಸುತ್ತಿದ್ದರು. ಅವರಿಗಾಗಿಯೇ ಬಾಸೆಲ್‌ನಲ್ಲಿ ಮಕ್ಕಳ ಮನೆಯೊಂದಿತ್ತು. ಊರವರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು ತಮ್ಮ ಮಕ್ಕಳ ಮುಖವನ್ನು ವರ್ಷಗಟ್ಟಲೆ ಕಾಣದೆ ಇದ್ದರು.

ಬೇಡ ಎನ್ನುವವರ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. “ಇಲ್ಲೇ ಬಡಮಕ್ಕಳಿಲ್ಲವೇ, ಅಲ್ಲಿಗೇಕೆ?” ಎನ್ನುತ್ತಾರೆ. ಇದೇ ಬೀದಿಯ ನರ್ಸ್‌ಗಳು ದುಬೈಗೆ, ಐರ್ಲೆಂಡಿಗೆ ಸಂಬಳಕ್ಕೆ ಹೊರಟಾಗ ಯಾರೂ ಹೀಗೆ ಕೇಳಲಿಲ್ಲ. ಸಿಹಿ ಹಂಚಿ ಕಳಿಸಿಕೊಟ್ಟೆವು. ದುಡಿಮೆಗೆ ಇಲ್ಲದ ಗಡಿ ಸೇವೆಗೆ ಮಾತ್ರ ಏಕಿರಬೇಕು? ಆದರೆ ಆ ಮಾತಿನಲ್ಲಿ ಬೇರೊಂದು ಸತ್ಯವಿದೆ: ಇಲ್ಲಿ ಕಲಿಯದವಳು ಅಲ್ಲಿ ಹೋಗಿ ಕಲಿಯಲಾರಳು. ಬೆಂಗಳೂರಿನ ಸಲೇಷಿಯನ್ನರು ಬೀದಿ ಮಕ್ಕಳಿಗಾಗಿ ಕಟ್ಟಿದ ‘ಬೆಂಗಳೂರು ಓಣಿಯವರ ಸೇವಾ ಕೂಟ’, ಎಲ್ಲರ ಬಾಯಲ್ಲಿ ಬಾಸ್ಕೊ, 1980ರಿಂದ ಇದೆ. 1963ರಲ್ಲಿ ಆರಂಭವಾದ, ನಮ್ಮ ಪಕ್ಕದಲ್ಲೇ ಇರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ತನ್ನ ವಿದ್ಯಾರ್ಥಿಗಳಿಂದ ಹಳ್ಳಿಗಾಡಿನ ಸೇವೆಯ ಬಾಂಡ್ ಬರೆಸಿಕೊಳ್ಳುತ್ತದೆ. ಕಲಿಯುವ ಜಾಗಗಳು ಕಾಲ್ನಡಿಗೆಯಷ್ಟೇ ದೂರದಲ್ಲಿವೆ.

ನಾನು ಆ ಹುಡುಗಿಗೆ ಹೇಳಿದ್ದೂ ಇಷ್ಟೇ: ಒಂದಷ್ಟು ಭಾನುವಾರ ನನ್ನ ಜೊತೆ ಬಾ. ಹೊಸ ಕಟ್ಟಡವೊಂದರ ಹಿಂದೆ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ತಗಡಿನ ಶೆಡ್‌ಗಳಿವೆ. ಸಂತೆಬೀದಿಯಲ್ಲಿ ಬಾಳೆಹಣ್ಣು ಕೊಂಡು ಹೋದೆವು. ಆರೇಳು ವರ್ಷದ ಹುಡುಗಿಯೊಬ್ಬಳ ಮೊಣಕಾಲಿನ ಗಾಯ ತೊಳೆಯುತ್ತಾ ಇವಳು “ಊಟ ಆಯ್ತಾ ಪುಟ್ಟಿ?” ಎಂದು ಕೇಳಿದಳು. ಮಗು ತಲೆಯಾಡಿಸಿ “ಹೂಂ” ಎಂದಿತು. ಚೀಲದ ಹಣ್ಣು ಚೀಲದಲ್ಲೇ ಉಳಿಯಿತು. ಹೊರಡುವಾಗ ನೋಡಿದರೆ ತಾಯಿ ಆಗಷ್ಟೇ ಕಲ್ಲಿನ ಒಲೆ ಹೊತ್ತಿಸುತ್ತಿದ್ದಾಳೆ. ಬೆಳಗಿನಿಂದ ಮಗು ಏನೂ ತಿಂದಿಲ್ಲ. ಕೇಳಿದರೆ ತಾಯಿ ಹೇಳಿದಳು: “ಬ್ಯಾರೇರ ಮುಂದ ಹಸಿವಾಗ್ಯಾದ ಅನಬ್ಯಾಡ ಅಂತ ನಾನೇ ಹೇಳೀನ್ರಿ.”

ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮನೆ ಬಾಗಿಲಿಗೆ ಬಂದಾಗ, “ಕನ್ನಡದಲ್ಲೇ ಕೇಳಿದೆ ಆಂಟಿ, ಆದ್ರೂ ನಂಗೆ ಅರ್ಥ ಆಗ್ಲಿಲ್ಲ” ಎಂದಳು.

ಬಡ ಮಗುವೊಂದು ದೊಡ್ಡವರಿಗೆ ಕೊಡುವ ಉತ್ತರ, ಅದರ ಎದೆಯ ಉತ್ತರವೇ ಆಗಿರಬೇಕಿಲ್ಲ. ಹಸಿದಿದ್ದರೂ ಉಂಡೆ ಎನ್ನಬಲ್ಲ ಮಗು, ನಂಬದಿದ್ದರೂ ನಂಬಿದೆ ಎನ್ನಬಲ್ಲದು. ಈ ತಿಳಿವಳಿಕೆಯೇ ತಯಾರಿಯ ಮೊದಲ ಪಾಠ. ಉಳಿದದ್ದು ಇದರ ಮೇಲೆ ನಿಲ್ಲುತ್ತದೆ: ಪದಪಟ್ಟಿ ದಾಟಿ ಮಾತು ಬರುವವರೆಗೆ ಭಾಷೆ ಕಲಿಯುವುದು, ಅಲ್ಲಿನ ನರ್ಸಿಂಗ್ ಮಂಡಳಿಯ ಪರವಾನಗಿ ಪಡೆಯುವುದು, ಆಶ್ರಮಕ್ಕಿಂತ ಮನೆಯನ್ನು ಗಟ್ಟಿಮಾಡುವ ಕೆಲಸ ಆರಿಸಿಕೊಳ್ಳುವುದು, ಊರವರ ಕೈಕೆಳಗೆ ದುಡಿಯುವುದು, ತಿಂಗಳುಗಳಿಗಲ್ಲ, ವರ್ಷಗಳಿಗೆ ಹೋಗುವುದು, ತನ್ನನ್ನು ಪ್ರಶ್ನಿಸಬಲ್ಲ ಹಿರಿಯರೊಬ್ಬರನ್ನು ಇಟ್ಟುಕೊಳ್ಳುವುದು.

ಅವಳ ನಂಬಿಕೆಯನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಹೋಗು ಎಂದು ಹೇಳುವ ಹಕ್ಕು ನನಗಿಲ್ಲ. ಅವಳ ಕಾಲಿಗೆ ಬಲ ಕೊಟ್ಟಿರುವುದು ಅದೇ. ಯಾರಾದರೂ ದೊಡ್ಡವರು ನೀನೇಕೆ ಬಂದೆ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಲಿ. ಆದರೆ ಅವಳು ಹೋಗುವುದಕ್ಕೆ ಕಾರಣವಾದ ನಂಬಿಕೆ, ಮಗು ಅನ್ನಕ್ಕೆ, ಔಷಧಿಗೆ, ಪಾಠಕ್ಕೆ ತೆರಬೇಕಾದ ಬೆಲೆಯಾಗಬಾರದು. ಮಗುವಿನ ದೇವರ ವಿಷಯ ಅದರ ಮನೆಯವರದು. ಬೆಳೆದ ಮೇಲೆ ಅದರದೇ. ಈ ಗೆರೆಯನ್ನು ಮನಸಾರೆ ಒಪ್ಪಿದವಳು ಹೋಗಲಿ, ಹರಸಿ ಕಳಿಸೋಣ. ಒಪ್ಪಲಾಗದವರು ಎಷ್ಟೇ ಒಳ್ಳೆಯವರಾಗಿದ್ದರೂ ಹೋಗದಿರುವುದೇ ಆ ಮಕ್ಕಳಿಗೆ ಮಾಡುವ ಸೇವೆ.

ಅವಳು ಹೊರಡುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾಳೆ. ಭಾನುವಾರ ಪೂಜೆ ಮುಗಿಸಿ ಈಗಲೂ ಶೆಡ್‌ಗಳ ಕಡೆ ಹೋಗುತ್ತಾಳೆ. ಹೋದ ಕೂಡಲೇ ಮಗುವನ್ನು ಏನೂ ಕೇಳುವುದಿಲ್ಲ. ಮೊದಲು ತಾಯಿಯ ಪಕ್ಕ ಕುಳಿತು ಸೊಪ್ಪು ಬಿಡಿಸುತ್ತಾಳೆ.