ಗಾಳಿ ಹೆಚ್ಚಿಸುವ ಮುನ್ನ ಲೆಕ್ಕ ಹಾಕೋಣ

ಮಧ್ಯಾಹ್ನದ ಬಿಡುವಿನಲ್ಲಿ ಒಂದು ಮೊಬೈಲ್ ಸುತ್ತ ನಾಲ್ಕು ತಲೆ ಸೇರಿದರೆ ಅಲ್ಲಿ ಓಡುತ್ತಿರುವುದು ಒಂದೋ ಕ್ರಿಕೆಟ್, ಇಲ್ಲವೇ ಕಾರು. ಕಾರಿನ ವಿಡಿಯೊ ಆಗಿದ್ದರೆ ಅದರಲ್ಲಿ ಯಾರೋ ಒಬ್ಬ ಬಾನೆಟ್ ಎತ್ತಿ, ಕಂಪನಿ ಕೊಟ್ಟ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕಿತ್ತು ಬದಿಗಿಟ್ಟು, ಹೊಳೆಯುವ ಪೈಪು ಮತ್ತು ದೊಡ್ಡ ಫಿಲ್ಟರ್ ಜೋಡಿಸುತ್ತಾನೆ. ಆಕ್ಸಿಲರೇಟರ್ ಒತ್ತಿದಾಗ ಟರ್ಬೊ ಸೀಟಿ ಹೊಡೆಯುತ್ತದೆ. ನೋಡುವವರಿಗೆ ರೋಮಾಂಚನ. "ಇಷ್ಟು ಸುಲಭದ ಕೆಲಸವನ್ನು ಕಂಪನಿಯೇ ಏಕೆ ಮಾಡಲಿಲ್ಲ?" ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ.

ಆ ಪ್ರಶ್ನೆಯನ್ನು ಕೇಳಲೇಬೇಕು ಎಂಬುದು ಈ ಬರಹದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನ ಕಂಪನಿಗಳ ಇಂಟೇಕ್, ಇಂಟರ್‌ಕೂಲರ್ ಕೆಟ್ಟ ವಸ್ತುಗಳಲ್ಲ. ಆದರೆ ಅವುಗಳನ್ನು ಹಾಕಿಸುವ ಕ್ರಮ ತಿರುಗುಮುರುಗಾಗಿದೆ. ಅಳತೆ ಮೊದಲು, ಲೆಕ್ಕ ಆಮೇಲೆ, ಬಿಡಿಭಾಗ ಕೊನೆಗೆ ಬರಬೇಕು. ಈಗ ಬಿಡಿಭಾಗ ಮೊದಲು ಬರುತ್ತಿದೆ, ಲೆಕ್ಕ ಎಂಜಿನ್ ಒಡೆದ ಮೇಲೆ ನೆನಪಾಗುತ್ತಿದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಕಾರನ್ನು ಹಿಡಿದುಕೊಳ್ಳೋಣ: ಜಪಾನಿನ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ. 2004ರ ಮಾದರಿಯಾಗಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಇದಕ್ಕೆ 2.5 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ ಇತ್ತು, 300 ಅಶ್ವಶಕ್ತಿ. ಬಾನೆಟ್ ಮೇಲೆ ಮೂಗಿನಂತೆ ಎದ್ದು ನಿಂತ ಗಾಳಿಕಿಂಡಿ ಅದರ ಗುರುತು. ಅದು ಅಲಂಕಾರಕ್ಕಿಟ್ಟದ್ದಲ್ಲ. ಅದರ ಕೆಳಗೆ, ಎಂಜಿನ್ನಿನ ನೆತ್ತಿಯ ಮೇಲೆ ಇಂಟರ್‌ಕೂಲರ್ ಕೂತಿದೆ. ನಾವು ನೋಡುವ ವಿಡಿಯೊಗಳಲ್ಲಿ ಅತಿ ಹೆಚ್ಚು ಬಿಚ್ಚಿ ಜೋಡಿಸುವ ಕಾರುಗಳಲ್ಲಿ ಇದೂ ಒಂದು.

ಇಂಟರ್‌ಕೂಲರ್ ಏಕೆ ಬೇಕು? ಉತ್ತರ ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದ ಥರ್ಮೊಡೈನಾಮಿಕ್ಸ್ ಪಾಠದಲ್ಲೇ ಇದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಏರಿಸಿತು ಎನ್ನೋಣ. ಅಡಯಾಬ್ಯಾಟಿಕ್ ಸೂತ್ರ ಹಾಕಿದರೆ ಉಷ್ಣತೆ ಸುಮಾರು 96 ಡಿಗ್ರಿ. ಕಂಪ್ರೆಸರಿನ ದಕ್ಷತೆ ಶೇ. 70 ಎಂದು ಹಿಡಿದರೆ ಸುಮಾರು 125 ಡಿಗ್ರಿ. ಒತ್ತಡ ಇಮ್ಮಡಿಯಾಯಿತು, ಆದರೆ ಗಾಳಿಯ ಸಾಂದ್ರತೆ ಇಮ್ಮಡಿಯಾಗಲಿಲ್ಲ. ಒಂದೂವರೆ ಪಟ್ಟು ಮಾತ್ರ ಆಯಿತು. ಅದೇ ಗಾಳಿಯನ್ನು ಇಂಟರ್‌ಕೂಲರ್ 50 ಡಿಗ್ರಿಗೆ ಇಳಿಸಿದರೆ ಸಾಂದ್ರತೆ 1.88 ಪಟ್ಟು ತಲುಪುತ್ತದೆ. ಅಂದರೆ ಸಿಲಿಂಡರಿಗೆ ಶೇ. 23ರಷ್ಟು ಹೆಚ್ಚು ಆಮ್ಲಜನಕ ಸಿಗುತ್ತದೆ. ಜೊತೆಗೆ ಗಾಳಿ ತಂಪಾದಷ್ಟೂ ಪೆಟ್ರೋಲ್ ಅಕಾಲದಲ್ಲಿ ಸಿಡಿಯುವ ಅಪಾಯ ಕಡಿಮೆ. ಇಂಟರ್‌ಕೂಲರ್ ಶಕ್ತಿ ಕೊಡುವ ಭಾಗವೂ ಹೌದು, ಎಂಜಿನ್ನನ್ನು ಕಾಯುವ ಭಾಗವೂ ಹೌದು.

ಎಂಜಿನ್ನಿನ ಮೇಲೆ ಅದನ್ನು ಇಟ್ಟದ್ದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಪೈಪಿನ ದಾರಿ ಗಿಡ್ಡವಾದ್ದರಿಂದ ಟರ್ಬೊ ಬೇಗ ಸ್ಪಂದಿಸುತ್ತದೆ. ಆದರೆ ಟ್ರಾಫಿಕ್‌ನಲ್ಲಿ ಕಾರು ನಿಂತಾಗ ಮೇಲಿನಿಂದ ಗಾಳಿ ಬರುವುದಿಲ್ಲ, ಕೆಳಗಿನಿಂದ ಎಂಜಿನ್ನಿನ ಬಿಸಿ ಮಾತ್ರ ಏರುತ್ತದೆ. ಸುಬಾರು ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಅದಕ್ಕೇ 2004ರ ಎಸ್‌ಟಿಐನಲ್ಲಿ ಒಂದು ಗುಂಡಿ ಕೊಟ್ಟಿದ್ದರು. ಅದನ್ನು ಒತ್ತಿದರೆ ಡಿಕ್ಕಿಯಲ್ಲಿದ್ದ ಟ್ಯಾಂಕಿನಿಂದ ನೀರು ಬಂದು ಇಂಟರ್‌ಕೂಲರ್ ಮೇಲೆ ಸಿಂಪಡಣೆಯಾಗುತ್ತಿತ್ತು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. ಆ ಶಾಖವನ್ನು ಅದು ಲೋಹದಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ನಿಯಮದಿಂದ.

ಈಗ ದೊಡ್ಡ ಇಂಟರ್‌ಕೂಲರ್ ಹಾಕಿಸುವ ವಿಚಾರ. ಒಂದೇ ಒಂದು ಸಲ ಜೋರಾಗಿ ಓಡಿಸಿ ನೋಡುವವನಿಗೆ ವ್ಯತ್ಯಾಸ ಕಾಣಿಸುವುದು ಕಷ್ಟ. 50 ಡಿಗ್ರಿಯ ಗಾಳಿ 40ಕ್ಕೆ ಇಳಿದರೆ ಸಾಂದ್ರತೆ ಹೆಚ್ಚುವುದು ಶೇ. 3ರಷ್ಟು. ಅದರ ನಿಜವಾದ ಉಪಯೋಗ ಮೂರನೆಯ, ನಾಲ್ಕನೆಯ ಓಟದಲ್ಲಿ. ಆಗ ಚಿಕ್ಕ ಇಂಟರ್‌ಕೂಲರ್ ಕಾದು ಹೋಗಿ ಗಾಳಿ 70 ಡಿಗ್ರಿಯಲ್ಲಿ ಒಳಬರುತ್ತಿದ್ದರೆ, ದೊಡ್ಡದು ಅದನ್ನು 45ರಲ್ಲಿ ಹಿಡಿದಿಟ್ಟರೆ, ವ್ಯತ್ಯಾಸ ಶೇ. 8ರ ಹತ್ತಿರ ಹೋಗುತ್ತದೆ. ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ಸುತ್ತು ಹಾಕುವವನಿಗೆ ಅದು ಬೇಕು, ಕಾಲೇಜಿಗೋ ಪೇಟೆಗೋ ಹೋಗಿಬರುವವನಿಗೆ ಬೇಕಾಗಿಲ್ಲ. ಮುಂದಿನ ಬಂಪರಿಗೆ ಅದನ್ನು ಸಾಗಿಸಿದರೆ ಪೈಪು ಉದ್ದವಾಗುತ್ತದೆ, ಜೋಡಣೆಗಳು ಹೆಚ್ಚುತ್ತವೆ, ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡ ಬರುತ್ತದೆ. ಇನ್ನೊಂದು ಮಾತು: ಎಷ್ಟೇ ದೊಡ್ಡದಾದರೂ ಅದು ಹೊರಗಿನ ಗಾಳಿಗಿಂತ ತಂಪು ಕೊಡಲಾರದು. ನಮ್ಮಲ್ಲಿ ಹಲವರ ಅಣ್ಣಂದಿರು, ಚಿಕ್ಕಪ್ಪಂದಿರು ದುಡಿಯುವ ಕೊಲ್ಲಿ ದೇಶಗಳಲ್ಲಿ ಬೇಸಿಗೆಯ ಗಾಳಿಯೇ 45 ಡಿಗ್ರಿ ಇದ್ದಾಗ ಆ ಗೆರೆಯ ಕೆಳಗೆ ಇಳಿಯುವ ದಾರಿ ಇಲ್ಲ.

ಇಷ್ಟಿದ್ದರೂ ಇಂಟರ್‌ಕೂಲರಿಗೆ ಒಂದು ನ್ಯಾಯವಾದ ಸಮರ್ಥನೆ ಇದೆ. ಇಂಟೇಕ್‌ನ ವಿಚಾರದಲ್ಲಿ ಅದು ಬಹಳ ತೆಳುವಾಗುತ್ತದೆ. "ತಂಪು ಗಾಳಿಯ ಇಂಟೇಕ್" ಎಂದು ಮಾರುವವರ ಮಾತನ್ನೇ ಒಪ್ಪೋಣ. ಟರ್ಬೊಗೆ ಹೋಗುವ ಗಾಳಿ 40ರ ಬದಲು 30 ಡಿಗ್ರಿ ಇದೆ ಎಂದುಕೊಳ್ಳೋಣ. ಟರ್ಬೊದಿಂದ ಹೊರಬರುವಾಗ ವ್ಯತ್ಯಾಸ ಸುಮಾರು 13 ಡಿಗ್ರಿ. ಅದರ ಮುಕ್ಕಾಲು ಪಾಲನ್ನು ಇಂಟರ್‌ಕೂಲರ್ ಹೇಗಿದ್ದರೂ ತೆಗೆಯುತ್ತಿತ್ತು. ಉಳಿಯುವುದು ಮೂರು ಡಿಗ್ರಿ, ಅಂದರೆ ಶೇ. 1ರಷ್ಟು ಲಾಭ. ಫಿಲ್ಟರನ್ನು ಪೆಟ್ಟಿಗೆಯಿಲ್ಲದೆ ಬಾನೆಟ್ ಒಳಗೆ ತೆರೆದಿಟ್ಟರೆ ಅದೂ ಇಲ್ಲ; ಅದು ಎಂಜಿನ್ನಿನ ಬಿಸಿ ಉಸಿರನ್ನೇ ಸೇದುತ್ತದೆ. ಗಾಳಿಯ ದಾರಿಯಲ್ಲಿ ತಡೆ ಕಡಿಮೆಯಾಗಿ ಟರ್ಬೊಗೆ ಸ್ವಲ್ಪ ಹಗುರವಾಗುವುದು ನಿಜ. ಆದರೆ ಹೆಚ್ಚಿನವರು ಹಣ ಕೊಡುವುದು ಸದ್ದಿಗೆ.

ಸದ್ದಿಗೆ ಹಣ ಕೊಡುವುದು ಅವರವರ ಇಷ್ಟ ಎನ್ನಬಹುದು. ಅಪಾಯ ಇರುವುದು ಬೇರೆ ಕಡೆ. ಫಿಲ್ಟರ್ ದಾಟಿದ ಗಾಳಿಯ ದಾರಿಯಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ ಎಂಬ ಚಿಕ್ಕ ಸಾಧನವಿದೆ. ಬಿಸಿ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಎಷ್ಟು ಗಾಳಿ ಹೋಯಿತು ಎಂದು ಅದು ಹೇಳುತ್ತದೆ. ಕಾರಿನ ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಅಳೆದು ಹಾಕುತ್ತದೆ. ಆದರೆ ಸೆನ್ಸರ್ ಪೈಪಿನ ಇಡೀ ಗಾಳಿಯನ್ನು ಅಳೆಯುವುದಿಲ್ಲ, ತನ್ನ ಬಳಿ ಹಾದುಹೋಗುವ ಒಂದಿಷ್ಟನ್ನು ಮಾತ್ರ ಅಳೆಯುತ್ತದೆ. ಉಳಿದದ್ದು ಪೈಪಿನ ಅಗಲ ಇಷ್ಟೇ ಎಂಬ ನಂಬಿಕೆಯ ಮೇಲಿನ ಲೆಕ್ಕ.

ಈಗ 70 ಮಿಲಿಮೀಟರ್ ಪೈಪಿನ ಜಾಗದಲ್ಲಿ 76ರ ಪೈಪು ಹಾಕಿದೆವು ಎನ್ನಿ. ಆರೇ ಮಿಲಿಮೀಟರ್! ಆದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ. 18ರಷ್ಟು ಹೆಚ್ಚಾಯಿತು. ವಿಸ್ತೀರ್ಣ ಹೆಚ್ಚಿದರೆ ವೇಗ ಕಡಿಮೆ. ಇದು ಕಂಟಿನ್ಯುಯಿಟಿ ಸಮೀಕರಣ, ಇದೂ ಪ್ರಥಮ ಪಿಯುಸಿಯದ್ದೇ. ಸೆನ್ಸರ್ ಮುಂದೆ ಗಾಳಿ ನಿಧಾನವಾಗಿ ಹೋಗುತ್ತದೆ, ಶೇ. 15ರಷ್ಟು ಗಾಳಿ ಕಡಿಮೆ ಎಂದು ಕಂಪ್ಯೂಟರ್ ತಿಳಿಯುತ್ತದೆ, ಪೆಟ್ರೋಲನ್ನೂ ಅಷ್ಟೇ ಕಡಿಮೆ ಹಾಕುತ್ತದೆ. ಪೂರ್ಣ ಒತ್ತಡದಲ್ಲಿ 11 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಇರಬೇಕಾದಲ್ಲಿ ಅದು 13ಕ್ಕೆ ಒಂದು ಆಗುತ್ತದೆ. ನಿಧಾನವಾಗಿ ಓಡುವಾಗ ಆಕ್ಸಿಜನ್ ಸೆನ್ಸರ್ ಈ ತಪ್ಪನ್ನು ತಿದ್ದುತ್ತಿರುತ್ತದೆ, ಆದ್ದರಿಂದ ಏನೂ ಗೊತ್ತಾಗುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಆ ತಿದ್ದುಪಡಿ ಸಾಲುವುದಿಲ್ಲ. ಸಿಲಿಂಡರಿನೊಳಗೆ ಮಿಶ್ರಣ ಅಕಾಲದಲ್ಲಿ ಸಿಡಿಯುತ್ತದೆ. ಅದನ್ನೇ ನಾಕಿಂಗ್ ಎನ್ನುವುದು. ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ತೆಳು ಅಂಚು ಈ ಪೆಟ್ಟಿಗೆ ಬಿರುಕು ಬಿಡುತ್ತದೆ. ಸುಬಾರುವಿನ ಈ 2.5 ಲೀಟರ್ ಎಂಜಿನ್ ಕುಖ್ಯಾತವಾಗಿರುವುದು ಈ ಒಂದು ದೋಷಕ್ಕೇ. ಟರ್ಬೊದ ಸೀಟಿಗೆ ತೆತ್ತ ಬೆಲೆ ಆಗ ಇಡೀ ಎಂಜಿನ್ ಆಗುತ್ತದೆ.

ಇಂಟರ್‌ಕೂಲರ್ ಪೈಪಿನ ಕ್ಲಾಂಪ್ ಸಡಿಲವಾದರೆ ಇದರ ತದ್ವಿರುದ್ಧ. ಅಳತೆಯಾದ ಗಾಳಿ ದಾರಿಯಲ್ಲೇ ಸೋರುತ್ತದೆ. ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ. ಕಪ್ಪು ಹೊಗೆ, ಕುಂದಿದ ಶಕ್ತಿ. ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರಿಗೆ ಎಣ್ಣೆ ಜಾಸ್ತಿಯಾದರೆ ಅದು ಸೆನ್ಸರಿನ ತಂತಿಗೆ ಅಂಟಿ ಲೆಕ್ಕ ಕೆಡಿಸುತ್ತದೆ. ಇವೆಲ್ಲಕ್ಕೂ ಪರಿಹಾರ ಇದೆ: ಹೊಸ ಪೈಪಿಗೆ ತಕ್ಕಂತೆ ಕಂಪ್ಯೂಟರಿನ ಲೆಕ್ಕವನ್ನು ತಿದ್ದುವುದು, ಒತ್ತಡ ಹಾಕಿ ಸೋರಿಕೆ ಪರೀಕ್ಷಿಸುವುದು, ಗಾಳಿ-ಪೆಟ್ರೋಲ್ ಅನುಪಾತ ಮತ್ತು ನಾಕಿಂಗ್ ದಾಖಲೆ ನೋಡುವುದು. ಬಲ್ಲವರು ಇದನ್ನೇ ಮಾಡುತ್ತಾರೆ. ವಿಡಿಯೊದಲ್ಲಿ ಈ ಭಾಗ ಇರುವುದಿಲ್ಲ, ಏಕೆಂದರೆ ಅದಕ್ಕೆ ಸೀಟಿಯ ಸದ್ದಿಲ್ಲ.

ಗಾಳಿಯ ದಾರಿಯಲ್ಲಿ ಪ್ರಾಮಾಣಿಕತೆಯ ಪ್ರಶ್ನೆಯೂ ಇದೆ. 1995ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಕಾರುಗಳ ಟರ್ಬೊ ಬಾಯಿಗೆ 34 ಮಿಲಿಮೀಟರಿನ ರಿಸ್ಟ್ರಿಕ್ಟರ್ ಕಡ್ಡಾಯವಿತ್ತು. ಎಲ್ಲರೂ ಅಷ್ಟೇ ಕಿಂಡಿಯಿಂದ ಉಸಿರಾಡಬೇಕು. ಆ ವರ್ಷ ಸ್ಪೇನಿನ ಕ್ಯಾಟಲೂನ್ಯ ರ‍್ಯಾಲಿಯಲ್ಲಿ ಟೊಯೊಟಾ ತಂಡ ಸಿಕ್ಕಿಬಿತ್ತು. ಅವರ ರಿಸ್ಟ್ರಿಕ್ಟರ್ ಜೋಡಿಸಿದಾಗ ಗುಟ್ಟಾಗಿ ಪಕ್ಕದಿಂದ ಹೆಚ್ಚು ಗಾಳಿ ಬಿಡುತ್ತಿತ್ತು, ಬಿಚ್ಚಿದಾಗ ನಿಯಮದಂತೆ ಕಾಣುತ್ತಿತ್ತು. ಅಷ್ಟು ಜಾಣ ಕೈಚಳಕಕ್ಕೆ ಸಿಕ್ಕಿದ್ದು ಒಂದು ವರ್ಷದ ನಿಷೇಧ. ಆ ವರ್ಷ ಕಿರೀಟ ಗೆದ್ದದ್ದು ಸುಬಾರು ಓಡಿಸಿದ ಕಾಲಿನ್ ಮೆಕ್‌ರೇ. ವಾರಂಟಿ ಕೇಳಲು ಹೋಗುವ ಹಿಂದಿನ ರಾತ್ರಿ ಹೊಸ ಇಂಟೇಕ್ ಬಿಚ್ಚಿ ಹಳೆಯದನ್ನು ಜೋಡಿಸುವವರೂ ಮಾಡುವುದು ಇದೇ ಕೆಲಸ. ಅಮೆರಿಕದ 1975ರ ವಾರಂಟಿ ಕಾನೂನು ಗ್ರಾಹಕನ ಪರವಾಗಿಯೇ ಇದೆ: ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ವಾರಂಟಿ ರದ್ದಾಗದು. ಆದರೆ ಆ ಭಾಗದಿಂದಲೇ ಎಂಜಿನ್ ಕೆಟ್ಟಿದ್ದರೆ ಕಂಪನಿ ಹೊಣೆಯಲ್ಲ. ನನಗೆ ಇದು ನ್ಯಾಯವೆಂದೇ ತೋರುತ್ತದೆ. ತಿದ್ದಿದವನೇ ಹೊಣೆ ಹೊರಬೇಕು.

ನಮ್ಮ ದೇಶದ ರಸ್ತೆಯಲ್ಲಿ ಓಡಿಸುವವರಿಗೆ ಇನ್ನೂ ಒಂದು ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕ್ಯಾಲಿಫೋರ್ನಿಯಾದಲ್ಲಂತೂ ಇಂಟೇಕ್‌ನಂಥ ಭಾಗ ರಸ್ತೆಗಿಳಿಯಬೇಕಾದರೆ ಹೊಗೆಯ ಪರೀಕ್ಷೆಗೆ ಧಕ್ಕೆಯಿಲ್ಲ ಎಂಬ ಸರ್ಕಾರಿ ಅನುಮತಿ ಸಂಖ್ಯೆ ಬೇಕು. ನಾವು ನೋಡುವ ವಿಡಿಯೊದ ಕಾರು ಯಾವ ಕಾನೂನಿನ ಅಡಿ, ಯಾವ ಟ್ರ್ಯಾಕ್‌ನಲ್ಲಿ ಓಡುತ್ತಿದೆ ಎಂಬುದನ್ನು ನೋಡದೆ ನಮ್ಮ ಮನೆಯ ಕಾರಿನ ಬಾನೆಟ್ ಎತ್ತುವುದು ಜಾಣತನವಲ್ಲ.

"ಹಾಗಾದರೆ ಕೈ ಹಚ್ಚಲೇಬಾರದೇ? ಬಿಚ್ಚದೆ ಕಲಿಯುವುದು ಹೇಗೆ?" ಎಂದು ಕೇಳುವ ಗೆಳೆಯರಿದ್ದಾರೆ. ಆ ಪ್ರಶ್ನೆಯ ಬಗ್ಗೆ ನನಗೆ ಗೌರವವಿದೆ. ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡವನಿಗೆ ಅರ್ಥವಾಗುವಷ್ಟು ಎಂಜಿನ್ ಪುಸ್ತಕ ಮಾತ್ರ ಓದಿದವನಿಗೆ ಅರ್ಥವಾಗದು. ಆದರೆ ಬಿಚ್ಚುವುದು ಬೇರೆ, ಬದಲಿಸುವುದು ಬೇರೆ. ಕಂಪನಿಯ ಆ ಕಪ್ಪು ಪೆಟ್ಟಿಗೆಯನ್ನು ಬಿಚ್ಚಿ ನೋಡಿ. ಗಾಳಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ, ಮಳೆನೀರನ್ನು ಹೇಗೆ ತಡೆಯುತ್ತದೆ, ಸೆನ್ಸರಿನ ಮುಂದೆ ಗಾಳಿ ಸುಳಿಯಾಗದಂತೆ ಹೇಗೆ ನೇರ ಮಾಡುತ್ತದೆ, ಸದ್ದನ್ನು ಯಾವ ಪೊಳ್ಳಿನಲ್ಲಿ ಅಡಗಿಸುತ್ತದೆ ಎಂದು ಗಮನಿಸಿ. ಕುರೂಪವೆಂದು ನಾವು ಬದಿಗೆ ಎಸೆಯುವ ಪ್ಲಾಸ್ಟಿಕ್‌ನಲ್ಲಿ ಎಷ್ಟೋ ಜನರ ವರ್ಷಗಳ ಲೆಕ್ಕ ಅಡಗಿದೆ. ಅದನ್ನು ಮೀರಿಸುವುದು ಸಾಧ್ಯ, ಮೀರಿಸಿದವರೂ ಇದ್ದಾರೆ. ಅವರೆಲ್ಲ ಮೊದಲು ಅದನ್ನು ಅರ್ಥ ಮಾಡಿಕೊಂಡವರು.

ಲೆಕ್ಕವಿಲ್ಲದೆ ಇಂಟೇಕ್ ತರುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ನಮ್ಮಲ್ಲಿ ಕೆಲವರು ಮುಂದಿನ ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರುತ್ತಾರೆ, ಕೆಲವರು ಗ್ಯಾರೇಜು ತೆರೆಯುತ್ತಾರೆ, ಕೆಲವರು ಮನೆಯವರು ಬೆವರು ಸುರಿಸಿ ಕೂಡಿಟ್ಟ ಹಣದಲ್ಲಿ ಮೊದಲ ಕಾರು ಕೊಳ್ಳುತ್ತಾರೆ. ಎಲ್ಲರಿಗೂ ನನ್ನದೊಂದೇ ಸಲಹೆ. ಮುಂದಿನ ಸಲ ಅಂಥ ವಿಡಿಯೊ ನೋಡುವಾಗ ಪಕ್ಕದಲ್ಲಿ ಒಂದು ಕಾಗದ, ಒಂದು ಪೆನ್ನು ಇರಲಿ. ಪೈಪಿನ ವ್ಯಾಸ ಎಷ್ಟು, ಗಾಳಿಯ ಉಷ್ಣತೆ ಎಷ್ಟು, ಸೆನ್ಸರಿನ ಲೆಕ್ಕ ತಿದ್ದಿದ್ದಾರೆಯೇ ಎಂದು ಬರೆದುಕೊಳ್ಳಿ. ಉತ್ತರ ಸಿಗದ ಕಡೆ ಹಣ ಹಾಕಬೇಡಿ.