ಮನೆಗೆ ಆಧಾರವಾದ ಮಗಳು

ನಮ್ಮ ಶಹಾಪುರ, ಸುರಪುರ ಸೀಮೆಗೆ ನೆರೆಯದಾದ ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರು 2014ರ ಜನವರಿಯಲ್ಲಿ ಭಾರತದ ಪರವಾಗಿ ಮೊದಲ ಏಕದಿನ ಕ್ರಿಕೆಟ್ ಪಂದ್ಯವನ್ನಾಡಿದರು. ಅದೇ ವರ್ಷ ತಂದೆಯವರು ಹೃದಯಾಘಾತದಿಂದ ತೀರಿಕೊಂಡರು. ತಾಯಿ, ಒಡಹುಟ್ಟಿದವರ ಹೊಣೆ ಆ ಎಳೆಯ ಹೆಗಲಿಗೆ ಬಂದಿತು. ಅವರು ಆಟವನ್ನು ಬಿಡಲಿಲ್ಲ. ಅದನ್ನೇ ದುಡಿಮೆಯಾಗಿಸಿ ಸಂಸಾರವನ್ನು ಸಲಹಿದರು.

2017ರ ವಿಶ್ವಕಪ್ಪಿನಲ್ಲಿ, ಸೋತರೆ ಹೊರಬೀಳಬೇಕಾಗಿದ್ದ ಡರ್ಬಿಯ ಪಂದ್ಯದಲ್ಲಿ, ತಮ್ಮ ಎಡಗೈ ಸ್ಪಿನ್ನಿನಿಂದ ಕೇವಲ 15 ರನ್ನಿತ್ತು ನ್ಯೂಜಿಲೆಂಡಿನ 5 ವಿಕೆಟ್ ಪಡೆದರು. ಭಾರತ 186 ರನ್ನುಗಳಿಂದ ಗೆದ್ದು ಸೆಮಿಫೈನಲ್ ತಲುಪಿತು. ಬಳಿಕ ಕಾರಿನ ಕೊಡುಗೆ ಬಂದಾಗ, ತಮ್ಮ ಕುಟುಂಬಕ್ಕೆ ಬೇಕಾದುದು ಮನೆಯೆಂದರು.

ತಾಯಿತಂದೆಗಳೇ, ಮಗಳು ಮೈದಾನಕ್ಕೆ ಹೊರಟಾಗ, ಆಟ ಹೊಟ್ಟೆ ತುಂಬೀತೇ ಎಂದು ತಡೆಯುವ ಮುನ್ನ ಈ ಮನೆಯನ್ನೊಮ್ಮೆ ನೆನೆಯಿರಿ.