ಬ್ಯಾಸಗಿಯ ಸ್ವರವೂ ಇಂಗ್ಲಿಷಿನ ಉಚ್ಚಾರವೂ

ಬಾಗಲಕೋಟೆ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಪರವಾಗಿ, ಆ ಭಾಷೆಯ ಸ್ವರೋಚ್ಚಾರಣೆಯನ್ನು ಕುರಿತು ಒಂದು ಅರಿಕೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಐದೇ ಸ್ವರಾಕ್ಷರಗಳನ್ನಿಟ್ಟುಕೊಂಡು ಇಂಗ್ಲಿಷರು ಸುಮಾರು 20 ಸ್ವರಧ್ವನಿಗಳನ್ನು ನುಡಿಯುತ್ತಾರೆ. ಬರೆದಂತೆ ಓದುವ ನಮಗೆ ಇದು ದೊಡ್ಡ ತೊಡಕು. ಅದನ್ನು ನೀಗಲೆಂದು ಪೇಟೆಯ ಗೈಡುಗಳು ಪದದ ಪಕ್ಕದಲ್ಲಿ ಕನ್ನಡಾಕ್ಷರಗಳನ್ನು ಅಚ್ಚುಹಾಕುತ್ತವೆ. 'ಬ್ಯಾಟ್' ಎಂಬುದನ್ನು ಕಂಡ ಮಗು ಯಕಾರವನ್ನೂ ಆಕಾರವನ್ನೂ ಕೂಡಿಸಿ ಓದುತ್ತದೆ; ಇಂಗ್ಲಿಷಿನಲ್ಲಾದರೋ ಅಲ್ಲಿರುವುದು ಯಕಾರದ ಸೋಂಕಿಲ್ಲದ ಒಂದೇ ಸ್ವರ.

ಆ ಸ್ವರವು ನಮ್ಮ ಮಕ್ಕಳಿಗೆ ತಾಯಿಯ ಮಾತಿನಿಂದಲೇ ಬಂದಿದೆ. ಬನಹಟ್ಟಿಯ ನೇಕಾರರ ಓಣಿಯ ಹುಡುಗಿ 'ಬ್ಯಾಸಗಿ ಸೂಟಿ ಯಾವಾಗ್ರಿ?' ಎಂದು ಕೇಳುವಾಗ, 'ಬ್ಯಾಡ', 'ಮ್ಯಾಲ' ಎನ್ನುವಾಗ, ದವಡೆ ಇಳಿದು, ನಾಲಗೆಯ ಮುಂಭಾಗ ತಗ್ಗಿ, ತುಟಿಗಳು ಅಗಲವಾಗಿ ಹೊರಡುವ ಧ್ವನಿ, ತುಸು ದೀರ್ಘವೆಂಬುದನ್ನುಳಿದರೆ, ಬಹುಮಟ್ಟಿಗೆ ಅದೇ. ಗ್ರಂಥಸ್ಥ ಕನ್ನಡದ 'ಬೇಸಿಗೆ', 'ಬೇಡ', 'ಮೇಲೆ'ಗಳಲ್ಲಿ ಅದು ಕೇಳಿಸದು. ಹೀಗಿರಲು, ಮನೆಯ ಮಾತನ್ನು ಅಶುದ್ಧವೆಂದು ಕನ್ನಡದ ಅವಧಿಯಲ್ಲಿ ತಿದ್ದಿ, ಅದರೊಳಗಿನ ಸ್ವರವನ್ನೇ ಇಂಗ್ಲಿಷಿನ ಅವಧಿಯಲ್ಲಿ ಪರದೇಶದ ವಸ್ತುವೆಂಬಂತೆ ಬೋಧಿಸುವುದು ಮಗುವಿಗೆ ಮಾಡುವ ಅನ್ಯಾಯವೆಂದೇ ನಾನು ಬಗೆಯುತ್ತೇನೆ.

ಉಳಿದ ಸ್ವರಗಳೆಲ್ಲ ಇಷ್ಟು ಸುಲಭವಲ್ಲವೆಂಬುದನ್ನು ಬಲ್ಲೆ. 'ಡಾಕ್ಟರ್', 'ಕಾಫಿ'ಗಳ ಮೊದಲ ಸ್ವರ ಇಂಗ್ಲಿಷರ ಬಾಯಲ್ಲಿ ನಮ್ಮ ಆಕಾರವೂ ಅಲ್ಲ, ಒಕಾರವೂ ಅಲ್ಲ. ಮರಾಠಿಯವರು ಅದಕ್ಕೆ ಅರ್ಧಚಂದ್ರದ ಗುರುತನ್ನಿಟ್ಟುಕೊಂಡಿದ್ದಾರೆ. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಮರಾಠಿ ಓದಿದ ಹಿರಿಯರಿಗೆ ಇದು ಹೊಸತೇನಲ್ಲ. ನಮ್ಮ ಬರವಣಿಗೆಯಲ್ಲಿ ಮಾತ್ರ ಅಂಥ ಗುರುತಿಗೆ ರೂಢಿಯಿಲ್ಲ. ಪದಾದಿಯ ಎಕಾರಕ್ಕೆ ಯಕಾರವನ್ನು ಹಚ್ಚಿ 'ಎಗ್' ಎಂಬುದನ್ನು 'ಯೆಗ್' ಎನ್ನುವ ರೂಢಿಯನ್ನೂ ತಾಳ್ಮೆಯಿಂದ ಬಿಡಿಸಬೇಕು. 'ಟೀಚರ್' ಎಂಬಲ್ಲಿ ಒತ್ತಿಲ್ಲದೆ ಕ್ಷೀಣವಾಗುವ ಕಡೆಯ ಸ್ವರವನ್ನಂತೂ ಕಿವಿಯಿಂದಲ್ಲದೆ ಕಣ್ಣಿನಿಂದ ಕಲಿಯಲಾಗದು.

ಆದುದರಿಂದ ತಮ್ಮಲ್ಲಿ ಬೇಡುವುದಿಷ್ಟು: 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದ ಶಿಕ್ಷಕರನ್ನು ಈ ನಾಲ್ಕು ತಾಲ್ಲೂಕುಗಳ ಕ್ಲಸ್ಟರ್ ಸಭೆಗಳಿಗೆ ಕರೆಯಿಸಿ, ಇಲ್ಲಿಯ ಆಡುನುಡಿಯ ಪದಗಳನ್ನೇ ಆಧಾರವಾಗಿಟ್ಟು ಒಂದು ಸ್ವರಪಟ್ಟಿಯನ್ನು ಸಿದ್ಧಪಡಿಸಿ, ಅದರ ಧ್ವನಿಮುದ್ರಣವನ್ನು ಪ್ರತಿ ಶಾಲೆಗೂ ಕಳುಹಿಸಿಕೊಡಬೇಕು, ಮನೆಮಾತಿಗಾಗಿ ಯಾವ ಮಗುವನ್ನೂ ಗದರಿಸಕೂಡದೆಂದು ಶಾಲೆಗಳಿಗೆ ತಿಳಿಸಬೇಕು. ಪಟ್ಟಿಗೆ ಬೇಕಾದ ಪದಗಳನ್ನು ಓಣಿ ಓಣಿಗಳಿಂದ ಕೂಡಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಜಮಖಂಡಿಯ ಒಬ್ಬ ನಿವೃತ್ತ ಉಪಾಧ್ಯಾಯ